ಎಲ್ಲಪ್ಪನ ಕಾಗದ ಮಾಡಿಸಿದ ಮಳೆಗಾಲ

ಒದ್ದೆಯಾದ ಕಾಗದಕ್ಕೆ ಇಸ್ತ್ರಿ ಹಾಕಿದರೆ ಒಂದು ವಾಸನೆ ಏಳುತ್ತದೆ. ಅಂಟು, ಶಾಯಿ, ಬೂಷ್ಟು ಮೂರೂ ಒಟ್ಟಿಗೆ ಬಿಸಿಯಾದ ವಾಸನೆ. ಗೋವಾದ ಮಳೆಗಾಲವನ್ನು ತಗಡಿನ ಪತ್ರಾಸು ಹೊದೆಸಿದ ಖೋಲಿಯಲ್ಲಿ ಕಳೆದವರಿಗೆಲ್ಲ ಇದು ಗೊತ್ತು. ಹೋದ ವಾರ ನನ್ನ ಅಂಗಡಿಯ ಲೈಸೆನ್ಸು ಸೋರುವ ಮಾಡಿನ ಕೆಳಗೆ ಸಿಕ್ಕು ನೆನೆದಿತ್ತು. ಎರಡು ಹತ್ತಿಬಟ್ಟೆಗಳ ನಡುವೆ ಇಟ್ಟು ಮೆಲ್ಲಗೆ ಇಸ್ತ್ರಿ ಎಳೆದೆ. (ಕಾಗದದ ಮೇಲೆ ನೇರವಾಗಿ ಇಸ್ತ್ರಿ ಇಡಬೇಡಿ. ಮೊಹರಿನ ಶಾಯಿ ಹರಡಿದರೆ ಕಚೇರಿಯವರು ಕಾಗದವನ್ನು ನಿಮ್ಮ ಕೈಗೇ ವಾಪಸ್ಸು ಕೊಡುತ್ತಾರೆ.) ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಲ್ಲಪ್ಪನ ಕಾಗದ ಮಾಡಿಸಿದ ಮಳೆಗಾಲ ಎದುರಿಗೆ ಬಂದು ನಿಂತಿತು. ನಿನ್ನ ಜೀವನದ ದೊಡ್ಡ ವ್ಯಾಪಾರ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಈ ಅಂಗಡಿಯ ಹೆಸರು ಹೇಳುವುದಿಲ್ಲ. ಆ ನಾಲ್ಕು ತಿಂಗಳ ಹೆಸರು ಹೇಳುತ್ತೇನೆ.

ವಾಸ್ಕೋದ ಮಂಗೋರ್ ಹಿಲ್ಲಿನಲ್ಲಿ ನನ್ನನ್ನು ಭಾಂಡೆ ರೇಣಕ್ಕ ಎನ್ನುತ್ತಾರೆ. ಬಾಗಲಕೋಟೆ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಏಳನೆಯ ಇಯತ್ತೆಯ ಓದು ಮತ್ತು ಒಂದು ಬುಟ್ಟಿ. ಬುಟ್ಟಿಯಲ್ಲಿ ಸ್ಟೀಲಿನ ಭಾಂಡೆ, ಅಂದರೆ ಪಾತ್ರೆ, ಹೊತ್ತು ಮನೆಮನೆಗೆ ಹೋಗುವುದು, ಹಳೆಯ ಬಟ್ಟೆ ತೆಗೆದುಕೊಂಡು ಹೊಸ ಪಾತ್ರೆ ಕೊಡುವುದು ನನ್ನ ಧಂದೆ. ಇಪ್ಪತ್ತು ವರ್ಷ ವಾಸ್ಕೋದ ಏರು-ಇಳಿವುಗಳನ್ನೆಲ್ಲ ಕಾಲಲ್ಲಿ ಅಳೆದ ಮೇಲೆ ಬುಟ್ಟಿ ಅಂಗಡಿಯಾಯಿತು. ಈ ಧಂದೆಯಲ್ಲಿ ಒಂದೇ ವಿದ್ಯೆ. ಬಟ್ಟೆ ಕೊಡುವವರು ಹರಿದ ಜಾಗವನ್ನು ಒಳಗೆ ಮಡಚಿ ಕೊಡುತ್ತಾರೆ. ನಾವು ಬಿಡಿಸಿ, ಬೆಳಕಿಗೆ ಹಿಡಿದು, ಆ ಹರಕನ್ನು ಹುಡುಕಬೇಕು. ಹರಕು ಸಿಕ್ಕರೆ ಪಾತ್ರೆ ಸಣ್ಣದಾಗುತ್ತದೆ.

ಆ ವರ್ಷ ಜೂನಿನ ಮೊದಲ ಮಳೆ ಹೊಡೆದ ದಿನ ಗಂಗವ್ವ ಅಂಗಡಿಗೆ ಬಂದಳು. ನಮ್ಮ ಹಿಂದಿನ ಸಾಲಿನ ಖೋಲಿಯವಳು. ಫ್ಲ್ಯಾಟುಗಳಲ್ಲಿ ಭಾಂಡೆ ತಿಕ್ಕುವ ಕೆಲಸ, ತಗ್ಗಿಸಿದ ತಲೆ, ಮಾತು ಕಡಿಮೆ. ಸೆರಗಿನ ಕೆಳಗಿನಿಂದ ಒಂದು ಗಂಟು ತೆಗೆದು ನನ್ನ ಮುಂದಿಟ್ಟಳು. ಬಿಚ್ಚಿದರೆ ನಾಲ್ಕು ಗಂಡಸರ ಅಂಗಿ. ಅಭ್ಯಾಸದಂತೆ ಒಂದೊಂದನ್ನೂ ಬೆಳಕಿಗೆ ಹಿಡಿದೆ. ಎಲ್ಲೂ ಹರಕಿಲ್ಲ. ಗುಂಡಿ ಕಿತ್ತ ಕಡೆ ಗುಂಡಿ ಹಚ್ಚಿದ್ದಳು, ಕಾಲರು ತಿರುವಿ ಹೊಲಿದಿದ್ದಳು.

"ಇವು ಯಾರವು?"

"ಇವರವ, ಅಕ್ಕಾ. ಒಂದ ಡಬ್ಬಿ ಕೊಡು."

"ಮನಷ್ಯಾ ಅದಾನ, ಅಂಗಿ ಯಾಕ ಕೊಡ್ತಿ?"

ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ಅವಳ ಗಂಡ ಎಲ್ಲಪ್ಪ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ಗಟ್ಟಿ ಆಳು. ಎಂಟು ವರ್ಷದ ಹಿಂದೆ ಅವನಿಗೆ ಇಲ್ಲದವರ ಮಾತು ಕೇಳಿಸಲು ಶುರುವಾಯಿತು. ಸರ್ಕಾರಿ ಆಸ್ಪತ್ರೆಯ ಗುಳಿಗೆ ನಡೆದಿತ್ತು. ಗುಳಿಗೆಯಿಂದ ಸಿಟ್ಟು ಇಳಿಯಿತು, ದುಡಿಮೆ ಮರಳಲಿಲ್ಲ. ಒಬ್ಬನನ್ನೇ ಬಿಟ್ಟರೆ ಎದ್ದು ರೈಲು ಹಳಿಯ ಕಡೆ ನಡೆದುಬಿಡುತ್ತಿದ್ದ. ಅದಕ್ಕೆ ಗಂಗವ್ವ ನಾಲ್ಕು ಮನೆಯ ಕೆಲಸ ಬಿಟ್ಟು ಒಂದೇ ಮನೆ ಇಟ್ಟುಕೊಂಡಿದ್ದಳು. ಖೋಲಿಯ ಬಾಡಿಗೆ ಏಳುತ್ತಿರಲಿಲ್ಲ. ಈಗ ಊರಿಂದ ಭಾವ ಸಂಗಪ್ಪ ಫೋನು ಮಾಡಿದ್ದ: ಚೌತಿ ಮುಗಿಸಿ ಬರುತ್ತೇನೆ, ತಮ್ಮನನ್ನು ಕರೆದೊಯ್ಯುತ್ತೇನೆ, ದನದ ಮನೆಯ ಪಕ್ಕ ಜಾಗ ಇದೆ, ನೀನು ನಿನ್ನ ದುಡಿಮೆ ನೋಡಿಕೋ ಎಂದು.

"ಹೋದ್ರ ಹೋಗಲಿ. ಅಣ್ಣ ನೋಡ್ಕೋತಾನಲ್ಲ?" ಎಂದೆ.

"ಹಿಂದಕ ಒಮ್ಮಿ ಒಯ್ದಿದ್ರಕ್ಕಾ. ಮೂರ ತಿಂಗಳಿಗೆ ನಾನ ಹೋಗಿ ಕರಕೊಂಡ ಬಂದೆ. ಕಾಲಾಗ ಹಗ್ಗದ ಗುರ್ತ ಇನ್ನೂ ಐತಿ. ಭಾವಾರ ಕೆಟ್ಟವರಲ್ಲ. ಹೊಲಕ್ಕ ಹೋಗೂ ಮಂದಿ, ಯಾರ ಕಾಯ್ಬೇಕು? ಕಟ್ಟಿ ಹೋಗ್ತಾರ."

ನಾನು ನಾಲ್ಕೂ ಅಂಗಿಗಳನ್ನು ಮಡಚಿ ಗಂಟು ಕಟ್ಟಿ ಅವಳ ಮಡಿಲಿಗೆ ಹಾಕಿದೆ. "ಇವನ್ನ ಒಯ್ಯು. ಚೌತಿಗೆ ಇನ್ನೂ ಮೂರ ತಿಂಗಳ ಐತಿ. ಸರ್ಕಾರದ ಪಿಂಚಣಿ ಮಾಡಸೂಣು. ಬಾಡಿಗಿ ಅದರಾಗ ಹೊಂಟತಂದ್ರ ನಿನ್ನ ಗಂಡ ಎಲ್ಲೂ ಹೋಗಂಗಿಲ್ಲ."

ಹಾಗೆ ಹೇಳಿದ್ದು ಧೈರ್ಯದಿಂದ. ಗೊತ್ತಿದ್ದದ್ದು ಅರ್ಧ. ಕೇಳಿ ಕೇಳಿ ತಿಳಿದುಕೊಂಡೆ: ಕೈಕಾಲಿನ ಊನಕ್ಕೆ ಮಾತ್ರವಲ್ಲ, ಮನಸ್ಸಿನ ಕಾಯಿಲೆಗೂ ಅಂಗವಿಕಲರ ಸರ್ಟಿಫಿಕೇಟು ಸಿಗುತ್ತದೆ. ಅದರಲ್ಲಿ ಊನ ನೂರಕ್ಕೆ ನಲವತ್ತಾದರೂ ಇದೆ ಎಂದು ಬರೆದಿರಬೇಕು. ಜೊತೆಗೆ ಹದಿನೈದು ವರ್ಷ ಗೋವಾದಲ್ಲೇ ವಾಸವಾಗಿದ್ದಾನೆ ಎಂಬ ಮಾಮಲೇದಾರ ಕಚೇರಿಯ (ನಮ್ಮೂರ ಕಡೆಯ ತಹಶೀಲ್ದಾರ ಕಚೇರಿ) ಕಾಗದ. ಎರಡು ಕಾಗದ, ಒಂದು ಪಿಂಚಣಿ. ಕೇಳಲು ಎಷ್ಟು ಸುಲಭ!

ವಾಸದ ಕಾಗದಕ್ಕೆ ಮನೆಯ ಮಾಲೀಕನ ಪತ್ರ ಬೇಕಾಯಿತು. ಮಾಲೀಕ ಮಿಂಗೆಲಬಾಬ ಗುಡ್ಡದ ಕೆಳಗೆ ಹಳೆಯ ಮನೆಯಲ್ಲಿ ಒಬ್ಬರೇ ಇರುವ ಮುದುಕರು. ಬಾಡಿಗೆಯವರ ಜೊತೆ ಮಾತಾಡಿ ಮಾತಾಡಿ ನಮ್ಮ ಕನ್ನಡವನ್ನು ತಮ್ಮ ಕೊಂಕಣಿಯಲ್ಲಿ ಅದ್ದಿ ಮಾತಾಡುತ್ತಿದ್ದರು. ಗಂಗವ್ವ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದಳು. ಬೇಡುವವರು ಬೇಕಾದದ್ದನ್ನೇ ನೇರವಾಗಿ ಕೇಳುತ್ತಾರೆ, ಅದೇ ತಪ್ಪು. ನಾನು ಛತ್ರಿ ಮಡಚಿ ಒಳಗೆ ಹೋಗಿ ಕುಳಿತು, ಎಲ್ಲಪ್ಪ ಇಲ್ಲಿದ್ದ ಹದಿನಾರು ವರ್ಷಕ್ಕೂ ಬಾಡಿಗೆ ಕರಾರು ಬರೆದುಕೊಡಿ ಎಂದೆ. ಅವರ ಕೈಯ ಚಹಾ ತುಳುಕಿತು.

"ನಾಕಾ ಬಾಯೆ, ಬೇಡ! ನಾಳೆ ಅದೇ ಕಾಗದ ಹಿಡ್ಕೊಂಡು ಕೋರ್ಟಿಗೆ ಹೋದ್ರೆ? ನನ್ನ ಖೋಲಿ ಹೋಯ್ತು!"

"ಹೋಗ್ಲಿ ಬಿಡ್ರಿ. ಕರೆಂಟ್ ಬಿಲ್ ಅವನ ಹೆಸರಿಗೆ ಮಾಡಿ ಕೊಡ್ರಿ."

"ಅದೂ ನಾಕಾ!"

ಎದ್ದೆ. ಹೊಸ್ತಿಲಲ್ಲಿ ನಿಂತು ಛತ್ರಿ ಬಿಚ್ಚಿದೆ. ವ್ಯಾಪಾರ ಕುದುರುವುದು ಹೊಸ್ತಿಲಲ್ಲಿಯೇ, ಇದನ್ನು ಓದುವವರು ನೆನಪಿಡಬೇಕು. ತಿರುಗಿ ಹೇಳಿದೆ: "ಮಿಂಗೆಲಬಾಬ, ನಿಮಗ ಹೆದರಿಕಿ ಏನು? ಅವನು ಹಕ್ಕ ಹೇಳ್ತಾನಂತ. ಹಂಗಾರ ಹಕ್ಕ ಇಲ್ಲಂತ ಬರೀರಿ. 'ಖೋಲಿ ನಂದು. ಎಲ್ಲಪ್ಪಗ ಅದರ ಮ್ಯಾಲ ಏನೂ ಹಕ್ಕಿಲ್ಲ. ಹದಿನಾರ ವರ್ಷದಿಂದ ಹಕ್ಕಿಲ್ಲದನ ಇಲ್ಲೇ ಅದಾನ.' ಇಷ್ಟ ಬರದ ಸಹಿ ಮಾಡ್ರಿ. ನಿಮಗೂ ಭದ್ರ, ಅವನಿಗೂ ಆತು."

ಮುದುಕರು ಕೆಮ್ಮು ಬರುವಷ್ಟು ನಕ್ಕರು. "ತೂಂ ವಕೀಲ ಆಗ್ಬೇಕಿತ್ತು, ಬಾಯೆ," ಎಂದು ಕನ್ನಡಕ ಹುಡುಕಿ ಮೂರು ಸಾಲು ಬರೆದು ಸಹಿ ಹಾಕಿದರು. ದಾರಿಯಲ್ಲಿ ಮಳೆ ಅದನ್ನು ನೆನೆಸಿತು, ಮನೆಯಲ್ಲಿ ಇಸ್ತ್ರಿ ಹಾಕಿದೆ. ಜೂನ್ ಮುಗಿಯುವ ಹೊತ್ತಿಗೆ ವಾಸದ ಕಾಗದ ಕೈಗೆ ಬಂತು.

ಆ ಗೆಲುವು ನನ್ನ ತಲೆಗೇರಿತು. ಇನ್ನುಳಿದದ್ದು ಡಾಕ್ಟರರ ಬೋರ್ಡು. ಮೂರು ಜನ ಡಾಕ್ಟರು ಕುಳಿತು ನೋಡುತ್ತಾರೆ, ಶೇಕಡಾ ಹಾಕುತ್ತಾರೆ. ಕಾಯಿಲೆಯ ಕತೆಯೆಲ್ಲ ಆಸ್ಪತ್ರೆಯ ಫೈಲಿನಲ್ಲಿದೆ, ಆದ್ದರಿಂದ ಮನುಷ್ಯ ಮರ್ಯಾದಸ್ಥನಾಗಿ ಕಂಡರೆ ಸಾಕು ಎಂದು ನಾನು ಲೆಕ್ಕ ಹಾಕಿದೆ. ಸರ್ಕಾರಿ ಕಚೇರಿಯಲ್ಲಿ ಗಲೀಜಾಗಿ ಬಂದವರನ್ನು ಹಿಂದಕ್ಕೆ ನಿಲ್ಲಿಸುವುದನ್ನು ಕಂಡು ಬೆಳೆದವಳು ನಾನು. ನಮ್ಮ ಮಂದಿಯಲ್ಲಿ ಡಾಕ್ಟರ ಮುಂದೆ ಹೋಗುವುದೆಂದರೆ ಕನ್ಯೆ ನೋಡಲು ಹೋದಂತೆ. ಮಡಿ ಅಂಗಿ ಬೇಕು, ಎಣ್ಣೆ ಬೇಕು, ಮೆಲ್ಲಗಿನ ಮಾತು ಬೇಕು.

ಬೋರ್ಡಿನ ಹಿಂದಿನ ದಿನ ಎಲ್ಲಪ್ಪನಿಗೆ ಕ್ಷೌರ ಮಾಡಿಸಿದೆವು. ಗಂಗವ್ವ ರಾತ್ರಿಯ ಅಡುಗೆ ಮಾಡುತ್ತ ಪಾಠ ಹೇಳಿಕೊಟ್ಟಳು: ಹೆಸರೇನು, ಇವತ್ತು ಯಾವ ವಾರ, ಹೆಂಡತಿಯ ಹೆಸರೇನು. "ನಲವತ್ತ ಬಂದ್ರ ಪಾಸು, ಎಲ್ಲಪ್ಪಣ್ಣಾ!" ಎಂದು ಪಕ್ಕದ ಖೋಲಿಯವರು ಕೂಗಿ ನಕ್ಕರು. ಬೆಳಿಗ್ಗೆ ಸ್ನಾನದ ಪೇಚಾಟ ಶುರುವಾಯಿತು. ಎಲ್ಲಪ್ಪ ನೀರಿನ ಹತ್ತಿರವೇ ಬರಲೊಲ್ಲ. ಕಡೆಗೆ ಟೆಂಪೋ ಓಡಿಸುವ ನಮ್ಮ ಮನೆಯವರು, ಮಲ್ಲಪ್ಪ, ಅವನ ಎರಡೂ ತೋಳು ಹಿಡಿದರು. ನಾನೇ ಬಕೆಟ್ಟು ಎತ್ತಿ ಸುರಿದೆ. ಅವನು ಕಿರುಚಿದ್ದು ಗುಡ್ಡದ ಕೆಳಗಿನ ರಸ್ತೆಗೂ ಕೇಳಿಸಿತಂತೆ. "ಸಣ್ಣ ಹುಡುಗರ ಹಂಗ ಮಾಡಬ್ಯಾಡ," ಎಂದು ಗದರಿದೆ. ಆ ಗದರಿಕೆ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಬೋರ್ಡಿನ ಮುಂದೆ ಎಲ್ಲಪ್ಪ ಬಂಗಾರದ ಮನುಷ್ಯ. ಹೆಸರು ಹೇಳಿದ, ವಾರ ಹೇಳಿದ, ಕೈ ಮುಗಿದ. ಗಂಗವ್ವನಿಗೆ ಹಿಂದಿ ಅಷ್ಟಕ್ಕಷ್ಟೇ, ಹಾಗಾಗಿ ಡಾಕ್ಟರು ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಅವಳು ಹೇಳಿದ್ದನ್ನು ಹಿಂದಿಯಲ್ಲಿ.

ತಾನಾಗಿ ಸ್ನಾನ ಮಾಡುತ್ತಾನೆಯೇ ಎಂದು ಮೂವರಲ್ಲಿ ಒಬ್ಬರಾದ ಡಾಕ್ಟರಮ್ಮ ಕೇಳಿದರು. ಗಂಗವ್ವ ಪರಪುರುಷರ ಮುಂದೆ ಗಂಡನ ಮಾನ ಕಾಪಾಡಿದಳು. "ಮಾಡ್ತಾರ್ರಿ."

ಊಟ?

"ಉಣ್ತಾರ್ರಿ." ಒಂದು ಉಸಿರು ಬಿಟ್ಟು, "ಒಮ್ಮೊಮ್ಮಿ ನಾ ತುತ್ತ ಮಾಡಿ ಕೊಡ್ಬೇಕು," ಎಂದಳು ಮೆಲ್ಲಗೆ.

ಆ ಎರಡನೆಯ ಮಾತನ್ನು ನಾನು ಹಿಂದಿಗೆ ತರಲಿಲ್ಲ. ಸಣ್ಣ ಮಾತು, ಯಾಕೆ ಹೇಳಬೇಕು ಎನ್ನಿಸಿತು. ಮಾಲು ಮಾರುವವಳ ಕೈ ತಾನಾಗಿಯೇ ಹರಕನ್ನು ಒಳಗೆ ಮಡಚಿತು.

ಜುಲೈಯಲ್ಲಿ ಕಾಗದ ಬಂತು. ಮೂವತ್ತು ಎಂದಿತ್ತು.

ಗಂಗವ್ವ ಅಳಲಿಲ್ಲ. ಕಾಗದವನ್ನು ನನ್ನ ಕೈಗೆ ಕೊಟ್ಟು, "ನೀ ಭಾಳ ಓಡಾಡಿದಿ ಅಕ್ಕಾ," ಎಂದು ಹೊರಟುಹೋದಳು. ಬೈದಿದ್ದರೆ ಚೆನ್ನಾಗಿತ್ತು. ಹೊರಗೆ ಆಷಾಢದ ಮಳೆ ಪತ್ರಾಸು ಹರಿಯುವಂತೆ ಸುರಿಯುತ್ತಿತ್ತು. ಸಂಗಪ್ಪನ ಫೋನು ಮತ್ತೆ ಬಂದಿತ್ತು, ಚೌತಿಯ ಮರುದಿನದ ಬಸ್ಸಿಗೆ ಟಿಕೇಟು ತೆಗೆಯುತ್ತೇನೆ ಎಂದು.

ಮರುದಿನವೇ ಆಸ್ಪತ್ರೆಗೆ ಹೋಗಿ ಅಲ್ಲಿನ ಸಮಾಜಸೇವೆಯ ವಿಭಾಗದ ಒಲಿವಿಯಾ ಬಾಯಿಯವರನ್ನು ಹಿಡಿದೆ. ನಡುವಯಸ್ಸಿನವರು, ಗೋವಾದವರೇ, ಮಾತು ನೇರ. ಜಗಳಕ್ಕೆಂದೇ ಹೋದ ನನ್ನನ್ನು ಅವರು ಕೂರಿಸಿ ನೀರು ಕೊಟ್ಟರು. ಅವರು ಹಿಂದಿಯಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

"ನೀವು ಅವನನ್ನು ಮದುಮಗನ ಹಾಗೆ ಸಿಂಗರಿಸಿ ತಂದಿರಿ. ಸ್ನಾನ ಮಾಡುತ್ತಾನೆ, ಊಟ ಮಾಡುತ್ತಾನೆ ಎಂದಿರಿ. ಬೋರ್ಡಿನವರು ಕಂಡದ್ದನ್ನು, ಕೇಳಿದ್ದನ್ನು ಬರೆದರು. ನೀವು ಹೇಳದೆ ಇದ್ದದ್ದನ್ನು ಅವರು ಎಲ್ಲಿಂದ ತಂದು ಬರೆಯಬೇಕು?"

ಆಮೇಲೆ ಅವರು ಬಿಡಿಸಿ ಹೇಳಿದರು. ಬೋರ್ಡು ಅಳೆಯುವುದು ಕಾಯಿಲೆಯ ಹೆಸರನ್ನಲ್ಲ, ಅದು ಮನುಷ್ಯನಿಂದ ಕಸಿದುಕೊಂಡದ್ದನ್ನು. ತನ್ನ ಮೈಯನ್ನು ತಾನು ನೋಡಿಕೊಳ್ಳುತ್ತಾನೆಯೇ? ನಾಲ್ಕು ಜನರ ಜೊತೆ ಬೆರೆಯುತ್ತಾನೆಯೇ? ಹೇಳಿದ್ದು ತಿಳಿಯುತ್ತದೆಯೇ, ತಿಳಿದದ್ದನ್ನು ಹೇಳುತ್ತಾನೆಯೇ? ಕೆಲಸ ಮಾಡುತ್ತಾನೆಯೇ? ಎಷ್ಟು ವರ್ಷದಿಂದ ಹೀಗಿದೆ? ಇಷ್ಟಕ್ಕೂ ಮನೆಯವರೇ ಸಾಕ್ಷಿ. "ಮರುಪರೀಕ್ಷೆಗೆ ಅರ್ಜಿ ಹಾಕಿ. ಅಲ್ಲಿಯವರೆಗೆ ಪ್ರತಿದಿನ ಬರೆದಿಡಿ, ಅವನು ಏನು ಮಾಡಿದ, ಅವನಿಗಾಗಿ ಅವಳು ಏನು ಮಾಡಿದಳು. ಹೆಚ್ಚೂ ಬೇಡ, ಕಡಿಮೆಯೂ ಬೇಡ."

ಮನೆಗೆ ಬಂದು ಹೇಳಿದರೆ ನಮ್ಮ ಮನೆಯವರು ಸಲಹೆ ಕೊಟ್ಟರು: "ಹೋದ ಸಲ ಶಾಣ್ಯಾನ ಮಾಡಿ ಒಯ್ದಿ. ಈ ಸಲ ಅಂಗಿ ಹರದು, ಮಣ್ಣ ಹಚ್ಚಿ, ಹುಚ್ಚನ ಮಾಡಿ ಒಯ್ಯು."

"ಈ ಸಲ ಎಲ್ಲಪ್ಪನ್ನ ಎಲ್ಲಪ್ಪ ಆಗೇ ಒಯ್ತೀನಿ," ಎಂದೆ.

ಇನ್ನೂರು ಪುಟದ ನೋಟ್‌ಬುಕ್ಕು ತಂದೆ. ಗಂಗವ್ವನಿಗೆ ಬರೆಯಲು ಬಾರದು. ಆದ್ದರಿಂದ ದಿನಾ ಬೆಳಿಗ್ಗೆ ನಳದ ನೀರು ತುಂಬಿಸಿದ ಮೇಲೆ, ಅಂಗಡಿಯ ಶಟರು ಅರ್ಧ ಎತ್ತಿ, ಅವಳು ಹೇಳುವುದು, ನಾನು ಬರೆಯುವುದು. ಮೊದಲನೆಯ ದಿನ ಅವಳು ಬಾಯಿಯನ್ನೇ ತೆರೆಯಲಿಲ್ಲ. ಎರಡನೆಯ ದಿನ ಎದ್ದು ನಿಂತಳು.

"ಗಂಡನ ಅರವಿ ಬಿಚ್ಚಿ ನಡುಬೀದ್ಯಾಗ ನಿಂದರಸು ಅಂತಿಯೇನಕ್ಕಾ? ಎಂಟ ವರ್ಷ ಬಾಗಲಾ ಹಾಕ್ಕೊಂಡ ಜ್ವಾಪಾನ ಮಾಡೀನಿ. ಇವರ ಹಾಸಗ್ಯಾಗ ಏನ ಮಾಡ್ಕೋತಾರಂತ ನಾ ಇನ್ನೊಬ್ಬರಿಗೆ ಹೇಳ್ಲಿ?"

"ನನಗ ಹೇಳಬ್ಯಾಡ," ಎಂದೆ. "ಈ ಬುಕ್ಕಿಗೆ ಹೇಳು. ನಾ ಬರೇ ಪೆನ್ನು."

ಹೇಳಿಬಿಟ್ಟೆನಾದರೂ ಪೆನ್ನಾಗಿ ಇರುವುದು ನನ್ನಂಥವಳಿಗೆ ಸುಲಭವಲ್ಲ. ಅವಳು 'ನಿನ್ನೆ ಮೂರು ತಾಸು ಮೂಲೆಯಲ್ಲಿ ನಿಂತೇ ಇದ್ದರು' ಎಂದರೆ ನನ್ನ ಕೈ 'ಸ್ವಲ್ಪ ಹೊತ್ತು' ಎಂದು ಬರೆಯಲು ಹೋಗುತ್ತಿತ್ತು. ಹೊಡೆದು ಹಾಕಿ ಮತ್ತೆ 'ಮೂರು ತಾಸು' ಎಂದು ಬರೆಯುತ್ತಿದ್ದೆ. ಒಳ್ಳೆಯದನ್ನೂ ಬರೆದೆ. ಒಂದು ದಿನ ಅವನು ತಾನಾಗಿಯೇ ಚಹಾದ ಕಪ್ಪು ತೊಳೆದಿಟ್ಟಿದ್ದ. "ಅದನ್ನ ಬರದ್ರ ಪರಸೆಂಟ್ ಕಡಿಮಿ ಆಗಂಗಿಲ್ಲೇನು?" ಎಂದು ಗಂಗವ್ವ ಹೆದರಿದಳು. ಆದರೆ ಆಗಲಿ ಎಂದೆ. ಸುಳ್ಳು ಮಾಲಿಗೆ ಒಮ್ಮೆ ಗಿರಾಕಿ ಸಿಗುತ್ತಾನೆ, ಎರಡನೆಯ ಸಲ ಸಿಗುವುದಿಲ್ಲ. ಪ್ರತಿ ಪುಟದ ಮೇಲ್ತುದಿಗೆ ನನ್ನ ಧಂದೆಯ ಅಭ್ಯಾಸದಂತೆ ಆ ದಿನದ ಮಳೆಯನ್ನೂ ಬರೆದೆ: ಜೋರು, ಸಣ್ಣದು, ಇಲ್ಲ. ಬಟ್ಟೆ ಒಣಗುವ ಲೆಕ್ಕಕ್ಕೆ ನಾನು ಎಲ್ಲ ಕಡೆ ಮಳೆ ಬರೆದಿಡುತ್ತೇನೆ.

ಹೀಗೆ ಐದು ವಾರ ನಡೆಯಿತು. ದಿನ ಕಳೆದಂತೆ ಗಂಗವ್ವನ ದನಿ ಗಟ್ಟಿಯಾಯಿತು. ಮೊದಮೊದಲು ನೆಲ ನೋಡಿ ಹೇಳುತ್ತಿದ್ದವಳು ಆಮೇಲೆ ನನ್ನ ಮುಖ ನೋಡಿ ಹೇಳತೊಡಗಿದಳು. ಒಂದು ದಿನ, "ಅಕ್ಕಾ, ನಾ ಇಷ್ಟೆಲ್ಲಾ ಮಾಡ್ತೀನಂತ ನನಗ ಗೊತ್ತ ಇರಲಿಲ್ಲ," ಎಂದಳು.

ಆಗಸ್ಟಿನ ಕೊನೆಗೆ ಬೋರ್ಡು ಮತ್ತೆ ಕರೆಯಿತು. ಈ ಸಲ ಯಾರೂ ಎಲ್ಲಪ್ಪನ ತೋಳು ಹಿಡಿಯಲಿಲ್ಲ. ನಾಲ್ಕು ದಿನದ ಗಡ್ಡ, ಮನೆಯಲ್ಲಿ ತೊಡುವ ಅಂಗಿ, ಹೆಗಲ ಮೇಲೆ ಅವನು ಕಿವಿ ಮುಚ್ಚಿಕೊಳ್ಳುವ ಟವೆಲು. ಒಲಿವಿಯಾ ಬಾಯಿಯೂ ಬಂದು ಬಾಗಿಲ ಬಳಿ ನಿಂತರು. ಅದೇ ಡಾಕ್ಟರಮ್ಮ, ಅದೇ ಪ್ರಶ್ನೆ: ತಾನಾಗಿ ಸ್ನಾನ ಮಾಡುತ್ತಾನೆಯೇ?

ಗಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇಲ್ರಿ. ನಾ ಮಾಡಸ್ತೀನಿ. ಮಳಗಾಲದಾಗ ಹದಿನೈದ ದಿನಕ್ಕೊಮ್ಮಿ ಆದ್ರ ಪುಣ್ಯಾ. ತುತ್ತ ಮಾಡಿ ಉಣಸ್ತೀನಿ. ಹಾಸಗಿ ಹಸಿ ಆದ್ರ ನಾ ಒಗೀತೀನಿ. ಹ್ವಾದ ಸಲ ಸುಳ್ಳ ಹೇಳಿದ್ನಿರಿ. ನಾಚಿಕಿ ಆಗಿತ್ತು."

ಒಂದು ಅಕ್ಷರ ಬಿಡದೆ ಹಿಂದಿಗೆ ತಂದೆ. 'ನಾಚಿಕಿ' ಎಂಬುದನ್ನೂ ತಂದೆ. ಹೋದ ಸಲ ನಾನು ನುಂಗಿದ ತುತ್ತಿನ ಮಾತನ್ನೂ, ನಾನೇ ನುಂಗಿದ್ದು ಎಂದು ಹೇಳಿಬಿಟ್ಟೆ. ಡಾಕ್ಟರಮ್ಮ ತಲೆಯಾಡಿಸಿ ನೋಟ್‌ಬುಕ್ಕು ತೆಗೆದುಕೊಂಡರು. ಪುಟಗಳಲ್ಲಿ ಏನಿದೆ ಎಂದು ನನ್ನಿಂದ ಓದಿಸಿದರು. ಹತ್ತು ಪುಟ ಆಗಿರಬೇಕು, ಕೈ ಎತ್ತಿ ನಿಲ್ಲಿಸಿ, ಮೇಲೆ ಬರೆದದ್ದೇನು ಎಂದರು. ಮಳೆ ಎಂದೆ. ಊಟ ಬಿಟ್ಟ ದಿನಗಳನ್ನೆಲ್ಲ ಒಂದೊಂದಾಗಿ ತೆಗೆಸಿ ಅದರ ಮೇಲಿನ ಮಾತು ಓದು ಎಂದರು. ಜೋರು. ಜೋರು. ಜೋರು. ಐದು ವಾರ ನನ್ನ ಕೈಯಿಂದಲೇ ಬರೆದಿದ್ದೆ, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಡಾಕ್ಟರಮ್ಮ ಎಲ್ಲಪ್ಪನ ಕಡೆ ಕುರ್ಚಿ ತಿರುಗಿಸಿದರು. ಮಳೆ ಬಂದರೆ ಏನಾಗುತ್ತದೆ ಎಂದು ಕೇಳು ಎಂದರು. ಕೇಳಿದೆ.

ಎಲ್ಲಪ್ಪ ಟವೆಲಿನ ತುದಿ ತಿರುವುತ್ತ ಹೇಳಿದ: "ನೀರಾಗ ಮಂದಿ ಮಾತಾಡ್ತಾರ. ಬಕೆಟ್ ಸುರವಿದ್ರ ಎಲ್ಲಾರೂ ಕೂಡೇ ಒದರತಾರ. ಪತ್ರಾಸಿನ ಮ್ಯಾಲ ಮಳಿ ಬಿದ್ರ ರಾತ್ರಿಯೆಲ್ಲಾ ಬೈತಾರ. ಈಕಿ ಹೇಳೂದು ಖರೇ ಐತಿ. ಈಕೀಗಿ ಭಾಳ ತ್ರಾಸ ಆಗೈತಿ."

ಆ ಮಾತು ನೀರಿನಿಂದ ಬರುತ್ತದೆ ಎಂದು ಎಂಟು ವರ್ಷದಲ್ಲಿ ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಗಂಗವ್ವ ಅವನನ್ನೇ ನೋಡುತ್ತ ಕುಳಿತುಬಿಟ್ಟಳು. ನಾನು ಹಿಂದಿಯಲ್ಲಿ ಹೇಳಲು ಬಾಯಿ ತೆರೆದೆ, ನಾನೇ ಸುರಿದ ಆ ಬಕೆಟ್ಟು ಕಣ್ಣ ಮುಂದೆ ಬಂತು, ಮಾತು ಹೊರಡಲಿಲ್ಲ. ವಾಸ್ಕೋದ ಬಾಗಿಲು ಬಾಗಿಲಿಗೂ ಬಾಯಿ ಮಾಡಿ ಬದುಕಿದವಳಿಗೆ ಅವತ್ತು ಒಲಿವಿಯಾ ಬಾಯಿ ನೀರಿನ ಲೋಟ ಹಿಡಿಯಬೇಕಾಯಿತು. ಕುಡಿದು, ಅವನು ಹೇಳಿದ ಹಾಗೆಯೇ ಹೇಳಿದೆ.

ಡಾಕ್ಟರಮ್ಮ ಗುಳಿಗೆಯನ್ನೂ ಬದಲಿಸಿದರು. ಮನೆಗೆ ಬಂದು ನಮ್ಮ ಮನೆಯವರಿಗೆ ವಿಷಯ ಹೇಳಿದೆ. ಸಂಜೆ ಮಳೆ ನಿಂತ ಹೊತ್ತಿನಲ್ಲಿ ಅವರು ನನ್ನ ಗೋದಾಮಿನಿಂದ ಹಳೆಯ ಚಾದರ, ಕೌದಿ, ಗೋಣಿಚೀಲ ಹೊತ್ತುಕೊಂಡು ಹೋಗಿ, ಗಂಗವ್ವನ ಖೋಲಿಯಲ್ಲಿ ಮಳೆಯ ಸದ್ದು ತಗ್ಗಲೆಂದು ಪತ್ರಾಸಿನ ಕೆಳಗೆ ಉದ್ದಕ್ಕೂ ಒತ್ತಿ ಕಟ್ಟಿ ಬಂದರು. ಗಂಗವ್ವ ಬಕೆಟ್ಟು ಬಿಟ್ಟು, ಬೆಚ್ಚಗಿನ ನೀರಿನಲ್ಲಿ ಟವೆಲು ಅದ್ದಿ ಮೈ ಒರೆಸುವುದನ್ನು ರೂಢಿ ಮಾಡಿದಳು. ಒಂದು ವಾರದಲ್ಲಿ ಅವನು ಟವೆಲನ್ನು ತಾನೇ ಕೇಳಿ ಇಸಿದುಕೊಳ್ಳತೊಡಗಿದ. ಕಾಗದಕ್ಕೆ ಓಡಾಡಿದ್ದರಿಂದ ಇದೂ ಸಿಕ್ಕಿತು. ಹಾಗಾಗಿ ಕಾಗದವೆಂದರೆ ಬರೀ ದುಡ್ಡಿಗಾಗಿ ಎಂದು ಯಾರಾದರೂ ಮೂಗು ಮುರಿದರೆ ನನಗೆ ಸಿಟ್ಟು ಬರುತ್ತದೆ.

ಚೌತಿಯ ಎರಡು ದಿನ ಮೊದಲು ಹೊಸ ಸರ್ಟಿಫಿಕೇಟು ಬಂತು. ನಲವತ್ತರ ಗೆರೆಯನ್ನು ದಾಟಿ ಬಹಳ ಮುಂದೆ ಹೋಗಿತ್ತು. ಅವತ್ತೇ ಪಿಂಚಣಿಯ ಅರ್ಜಿ ಕೊಟ್ಟು, ರಸೀತಿ ಬರೆಸಿಕೊಂಡು, ಎರಡಕ್ಕೂ ಮೂರು ಮೂರು ಜೆರಾಕ್ಸು ತೆಗೆಸಿದೆವು. ಪಿಂಚಣಿ ಖಾತೆಗೆ ಬೀಳಲು ಮುಂದೆ ಐದು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಬಾಡಿಗೆಗೆ ತಡೆದುಕೊಳ್ಳಿ ಎನ್ನಲು ಮಿಂಗೆಲಬಾಬರ ಹೊಸ್ತಿಲಿಗೆ ನಾನು ಇನ್ನೊಮ್ಮೆ ಛತ್ರಿ ಬಿಚ್ಚಲು ಹೋಗಬೇಕಾಯಿತು. ಅದು ಬೇರೆ ಕತೆ.

ಸಂಗಪ್ಪ ಹೇಳಿದ ದಿನವೇ ಬಂದ. ಧೋತರ, ತಲೆಗೆ ಟವೆಲು, ಕಂಕುಳಲ್ಲಿ ತಮ್ಮನ ಬಟ್ಟೆ ತುಂಬಲೆಂದು ತಂದ ಖಾಲಿ ಚೀಲ. ಬೇಕಾದರೆ ಇರಲಿ ಎಂದು ನಾನೂ ಗಂಗವ್ವನ ಖೋಲಿಯಲ್ಲಿ ಹೋಗಿ ಕುಳಿತಿದ್ದೆ. ಏನೇನು ಹೇಳಬೇಕು ಎಂದು ಬೆಳಿಗ್ಗೆಯಿಂದ ಸಾಲು ಹಚ್ಚಿಕೊಂಡಿದ್ದೆ. ಎಲ್ಲಪ್ಪ ಗೋಡೆಗೆ ಆತು ಕುಳಿತಿದ್ದ, ಅಣ್ಣನನ್ನು ಕಂಡು ಕಾಲು ಒಳಗೆ ಎಳೆದುಕೊಂಡ.

"ನಡಿಯಪಾ ತಮ್ಮಾ. ಗಂಗವ್ವಾ, ಇವನ ಅರವಿ ಕಟ್ಟು. ಸಂಜೀ ಬಸ್ಸ ಐತಿ."

ಗಂಗವ್ವ ತಾಟಿನಲ್ಲಿ ರೊಟ್ಟಿ, ಪಲ್ಯ ಹಾಕಿ ಭಾವನ ಮುಂದೆ ಇಟ್ಟಳು. "ಉಣ್ಣರಿ ಭಾವಾರ. ಇವರು ಬರಂಗಿಲ್ಲ."

"ಅಂದ್ರ?"

ಅವಳು ಪ್ಲಾಸ್ಟಿಕ್ಕಿನ ಚೀಲದಿಂದ ಸರ್ಟಿಫಿಕೇಟು ತೆಗೆದಳು. ಓದಲು ಬಾರದವಳು ಅದರ ಮೇಲೆ ಬೆರಳಿಟ್ಟು, ಎಲ್ಲಿ ಏನಿದೆ ಎಂದು ಬಾಯಿಪಾಠದಿಂದ ಒಂದೊಂದೇ ಹೇಳಿದಳು. ಗುಳಿಗೆ ಎಲ್ಲಿ ಸಿಗುತ್ತದೆ, ಪಿಂಚಣಿಯಿಂದ ಯಾವುದು ನಡೆಯುತ್ತದೆ, ಮಳೆಯಲ್ಲಿ ಯಾಕೆ ಹೆದರುತ್ತಾನೆ, ಎಲ್ಲ. ಕೊನೆಗೆ, "ನೀವು ಕಟ್ಟಿ ಹಾಕಿದ್ದು ಸಿಟ್ಟಿಂದ ಅಲ್ಲ, ನನಗ ಗೊತ್ತೈತ್ರಿ. ಆದ್ರ ಇನ್ನ ಕಟ್ಟೂ ಕೆಲಸ ಇಲ್ಲ," ಎಂದಳು. ನಾನು ಹಚ್ಚಿಕೊಂಡಿದ್ದ ಸಾಲುಗಳಲ್ಲಿ ಒಂದೂ ಬೇಕಾಗಲಿಲ್ಲ.

ಸಂಗಪ್ಪ ರೊಟ್ಟಿ ಮುರಿದವನು ಹಾಗೆಯೇ ಹಿಡಿದು ಕುಳಿತ. ಕಾಗದವನ್ನು ತಿರುವಿ ತಿರುವಿ ನೋಡಿದ. ಊಟ ಮಾಡಿದ. ಕೈ ತೊಳೆದು ಬಂದು ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಕೆಳಗೆ ಇಟ್ಟುಕೊಂಡ. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದ.

"ಅಕ್ಕಾರ, ನಮ್ಮ ಚಿಗವ್ವನ ಮಗಳೊಬ್ಬಾಕಿ ಊರಾಗ ಅದಾಳ್ರಿ. ಗಂಡ ಬಿಟ್ಟಾನ. ಮಾತಾಡಂಗಿಲ್ಲ, ಉಣ್ಣಂಗಿಲ್ಲ, ಅಟ್ಟದ ಮ್ಯಾಲ ಕುಂತಿರ್ತಾಳ. ಯಾರಿಗೂ ಹೇಳಿಲ್ಲ ನಾವು. ಆಕೀಗೂ ಹಿಂತಾ ಕಾಗದ ಆಕ್ಕೈತೇನ್ರಿ?"

ನಾನು ಬಾಯಿ ತೆರೆಯುವುದರೊಳಗೆ ಗಂಗವ್ವ ಅವನ ಎದುರು ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು.

"ಆಕ್ಕೈತ್ರಿ ಭಾವಾರ. ಮೊದಲ ನನಗ ಹೇಳ್ರಿ, ಆಕಿ ಮುಂಜಾನಿ ಎದ್ದ ಕೂಡ್ಲೆ ಏನ ಮಾಡ್ತಾಳ? ಚಂದ ಮಾಡಿ ಹೇಳಬ್ಯಾಡ್ರಿ. ಇದ್ದಂಗ ಹೇಳ್ರಿ."

ನಾಲ್ಕು ಜನ ಸೇರಿದ ಕಡೆ ನಾನು ಬಾಯಿ ಮುಚ್ಚಿಕೊಂಡು ಕುಳಿತದ್ದು ಅದೇ ಮೊದಲು. ಅವಳು ಕೇಳುತ್ತ ಹೋದಳು, ಸಂಗಪ್ಪ ಹೇಳುತ್ತ ಹೋದ. ನಾನು ಎದ್ದು ಹೋಗಿ ಎಲ್ಲರಿಗೂ ಚಹಾಕ್ಕೆ ಇಟ್ಟೆ.